ಮಾಸ್ಕು ಹಾಕಿದ ಸಂಜೆ

ಲವಂಗದೆಣ್ಣೆಯ ವಾಸನೆ, ಸೋಪು ಹಚ್ಚಿ ಉಜ್ಜಿದರೂ ಬೆರಳು ಬಿಡುತ್ತಿಲ್ಲ, ಅದರ ಅಡಿಯಲ್ಲಿ ಇನ್ನೊಂದು, ಹುಳುಕು ದವಡೆಯದು, ಯಾರದೋ ಬಾಯಿಯದು — ಥೂ, ಬೆಳಗಿನಿಂದ ಬರೀ ಬಾಯಿ, ಹಲ್ಲಿನ ಡಾಕ್ಟರ ಕುರ್ಚಿಯ ಪಕ್ಕ ನಿಂತು ಕಂಡವರ ಎಂಜಲನ್ನು ಕೊಳವೆಯಲ್ಲಿ ಹೀರಿಸಿ ಹೀರಿಸಿ ಮನೆಗೆ ಬಂದರೆ ಊಟದ ತಟ್ಟೆಯನ್ನೇ ಅತ್ತ ಸರಿಸುವ ಹಾಗಾಗುತ್ತದೆ, ಇವತ್ತಿನ ಆ ಬಟ್ಟೆ ವ್ಯಾಪಾರಿಯದಂತೂ ಬಾಯಲ್ಲ, ಮೋರಿ, ಅದರಲ್ಲೂ ಕೊಳವೆ ಕಚ್ಚಿಕೊಂಡೇ ಮಾತು, ಸ್ವಲ್ಪ ಮೆಲ್ಲಗೆ ಸಿಸ್ಟರ್ ಅಂತೆ, ಯಾವ ಜನ್ಮದ ಸಿಸ್ಟರೋ ಇವಳು ಅವನಿಗೆ. ಮೂಗು ಬೇರೆ ಸೋರುತ್ತಿದೆ, ಅವನೇ ಅಂಟಿಸಿರಬೇಕು ಈ ನೆಗಡಿ. ಅಮ್ಮಾ ಬಾ, ಓದ್ತೀನಿ. ಚಾಪೆಯ ಮೇಲೆ ಪುಸ್ತಕ ಬಿಡಿಸಿಕೊಂಡು ಕೂತಿದ್ದಾಳೆ ಬುಗುರಿ, ನಿಂತಲ್ಲಿ ನಿಲ್ಲದ ಮೊಮ್ಮಗಳಿಗೆ ಅಜ್ಜಿ ಇಟ್ಟ ಹೆಸರು, ಎರಡನೇ ಕ್ಲಾಸು, ಲಂಗದ ಅಂಚಿಗೆ ಆಗಲೇ ಶಾಯಿ. ಒಳಗಿನಿಂದ ಅತ್ತೆ — ಏ, ಸೀನ್ತಾ ಸೀನ್ತಾ ಮಗು ಪಕ್ಕ ಕೂತ್ಕೋಬೇಡ, ಆ ಆಸ್ಪತ್ರೆ ಮುಖವಾಡ ಇದ್ಯಲ್ಲ, ಹಾಕ್ಕೋ, ನಾಳೆ ಅದಕ್ಕೂ ಮೂಗು ಸೋರಿದ್ರೆ ಒರೆಸೋಳು ನಾನೇ ತಾನೆ. ಸರಿ ತಾಯಿ, ಹಾಕಿಕೊಂಡೆ. ಚೀಲದಿಂದ ತೆಗೆದ ಹೊಸ ಮಾಸ್ಕು, ಕಿವಿಯ ಹಿಂದೆ ಎಳೆದರೆ ಮತ್ತೆ ಕ್ಲಿನಿಕ್ಕೇ ಮುಖಕ್ಕೆ ಬಂದು ಕೂತ ಹಾಗೆ, ಉಸಿರು ಬಿಸಿಬಿಸಿ.

ಓದಿಸಲೇಬೇಕು ಇವತ್ತು, ನಾಳೆ ಆ ಮಿಸ್ಸಿನ ಮುಖಕ್ಕೆ ಹೊಡೆದ ಹಾಗೆ ಓದಬೇಕು ಮಗು — ನೆನೆದರೆ ಮೈ ಉರಿಯುತ್ತದೆ, ಬೆಳಿಗ್ಗೆ ಶಾಲೆಯ ಗೇಟಿನ ಹತ್ತಿರ ಹತ್ತು ಜನರೆದುರು ಅವಳು ಕೇಳಿದ್ದು, ಮನೇಲಿ ಒಂದಿನಾನಾದ್ರೂ ಓದಿಸ್ತೀರೇನಮ್ಮ, ಕ್ಲಾಸಲ್ಲಿ ನಿಲ್ಲಿಸಿದ್ರೆ ಬಾಯೇ ಬಿಡಲ್ಲ ನಿಮ್ಮ ಮಗಳು, ಮೇಲೆ ಒಂದು ನಗು, ಬೆಲ್ಲ ಸವರಿದ ನಗು, ಅದನ್ನು ಕಂಡೇ ಇವಳಿಗೆ ತಲೆ ಕೆಟ್ಟಿದ್ದು. ಮನೇಲಿ ಪಟಪಟ ಅಂತ ಓದ್ತಾಳೆ ಮಿಸ್, ಒಂದು ದಿನ ತಪ್ಪಿಸಲ್ಲ ನಾನು, ನಿಮ್ಮ ಕ್ಲಾಸಲ್ಲೇ ಏನೋ ರೋಗ ಇರಬೇಕು. ಹೌದಾ, ಹಾಗಾದ್ರೆ ನಾಳೆ ಬನ್ನಿ, ಹಿಂದಿನ ಬೆಂಚಲ್ಲಿ ಕೂತು ನೀವೇ ಕೇಳಿ, ಓದಿದ್ರೆ ಸರಿ, ಓದದೇ ಇದ್ರೆ ಓದೋ ಪಿರಿಯಡ್ಡಿಗೆ ಒಂದನೇ ಕ್ಲಾಸಿನ ಚಿಕ್ಕ ಮಕ್ಕಳ ಜೊತೆ ಕೂರಿಸ್ತೀನಿ, ಆಗ ಜಗಳಕ್ಕೆ ಬರಬೇಡಿ. ಬರುತ್ತೇನೆ, ಯಾಕೆ ಬರಬಾರದು, ಡಾಕ್ಟರ ಹತ್ತಿರ ಅರ್ಧ ದಿನ ರಜೆ ಕೇಳಿಯೂ ಆಯಿತು. ಡಾಕ್ಟರು ಮುಖ ಸಿಂಡರಿಸಿದರು, ನೀನಿಲ್ಲದಿದ್ರೆ ನನಗೆ ಕೈಯೇ ಆಡಲ್ಲ ಕಣಮ್ಮ — ಆಡುವುದಾದರೂ ಹೇಗೆ, ಅವರು ಬಾಯಿ ತೆರೆದು ಕೇಳುವ ಮೊದಲೇ ಕೈಗೆ ಇಕ್ಕಳ, ಕನ್ನಡಿ, ಹತ್ತಿ, ಬೆರಳು ಅಲ್ಲಾಡುವುದರೊಳಗೆ ಬೇಕಾದ್ದು ಅಂಗೈಯಲ್ಲಿ, ಇಷ್ಟು ವರ್ಷದಲ್ಲಿ ಅವರು ಇವಳಿಗಾಗಿ ಕಾದದ್ದೇ ಇಲ್ಲ, ಅದೇ ಇವಳ ಹೆಮ್ಮೆ, ಹೊಸ ಹುಡುಗಿಯರಿಗೆ ಅದನ್ನೇ ಹೇಳಿಕೊಡುತ್ತಾಳೆ, ಕೇಳೋತನಕ ಕಾಯ್ಬೇಡ್ರೇ ಮಂಕುಗಳಾ.

ಶುರು ಮಾಡು. ಆಮೆಯ ಪಾಠ, ಅದೇನು ಸುಡುಗಾಡು ಪಾಠವೋ, ಬೆನ್ನ ಮೇಲೆ ಚಿಪ್ಪು ಹೊತ್ತ ಆಮೆಗೆ ಛತ್ರಿಯಂತೆ, ಬರೆದವನಿಗೆ ಬೇರೆ ಕೆಲಸ ಇರಲಿಲ್ಲ. ನಿನ್ನೆ ನೀರು ಕುಡಿದ ಹಾಗೆ ಓದಿದ್ದಳು, ಅತ್ತೆ ಸೌಟು ಹಿಡಿದೇ ಬಂದು ನಿಂತು ಕೇಳಿದ್ದರು, ನನ್ನ ಮೊಮ್ಮಗಳು ವಕೀಲಳೇ ಆಗ್ತಾಳೆ ನೋಡ್ತಿರು. ಆ-ಮೆ. ಹೂಂ. ಆಮೆ — ಆಮೆ. ಆಮೆ ಆಯ್ತು, ಮುಂದಿನ ಪದಕ್ಕೆ ಹೋಗೇ. ಬೆರಳು ಅಕ್ಷರದ ಮೇಲಿದೆ, ಸರಿಯಾದ ಅಕ್ಷರದ ಮೇಲೇ ಇದೆ, ಆಟ ಆಡ್ತಿದೀಯಾ, ನಿನ್ನೆ ಓದಿದ್ದಲ್ವಾ ಇದನ್ನೇ. ಗಂಟಲು ಕೆರೆಯುತ್ತದೆ, ಕೋಪ ಏರುತ್ತದೆ, ಎರಡೂ ಒಟ್ಟಿಗೇ. ಅಮ್ಮಾ. ಏನು. ಮಾಸ್ಕ್ ತೆಗಿ. ಯಾಕೆ. ತೆಗಿ ಅಮ್ಮಾ, ಅದು ಹಾಕ್ಕೊಂಡ್ರೆ ನಂಗೆ ಓದಕ್ಕಾಗಲ್ಲ. ಓದೋದು ನೀನೋ ನನ್ನ ಮಾಸ್ಕೋ. ಕಾಣಲ್ಲ ಅಮ್ಮಾ. ಏನ್ ಕಾಣಲ್ಲ, ಪುಸ್ತಕ ಕಣ್ಣೆದುರಿಗೇ ಇದೆ. ಪುಸ್ತಕ ಅಲ್ಲ, ನಿನ್ನ ಬಾಯಿ.

ನಿನ್ನ ಬಾಯಿ, ಅಂದಳು, ಅಮ್ಮನಿಗೆ ಇಷ್ಟೂ ಗೊತ್ತಿಲ್ಲವಲ್ಲ ಎಂಬ ಹಾಗೆ. ಮಾಸ್ಕಿನೊಳಗೆ ಏನೋ ಅಲ್ಲಾಡುತ್ತಿದೆ — ತುಟಿ, ಇವಳದೇ ತುಟಿ, ಮಗು ನಿಂತಲ್ಲೆಲ್ಲ ಸದ್ದಿಲ್ಲದೆ ತಾನೇ ಮುಂದಕ್ಕೆ ಓಡಿ ಛತ್ರಿಯ ಛ ಎಂದು ತೆರೆದು ಕಾಯುತ್ತಿದೆ, ಕೈಗೆ ಇಕ್ಕಳ ಇಟ್ಟ ಹಾಗೆ, ಕೇಳುವ ಮೊದಲೇ. ನಿನ್ನೆಯೂ, ಮೊನ್ನೆಯೂ, ಶಾಲೆ ಶುರುವಾದಾಗಿನಿಂದ ಪ್ರತಿ ಸಂಜೆ ಓದಿದ್ದು ಇವಳು, ಕೂಸು ಓದಿದ್ದು ಇವಳ ಬಾಯನ್ನು, ಎಲ್ಲರ ಬಾಯಿಗೂ ಅಸಹ್ಯಪಟ್ಟುಕೊಳ್ಳುವ ಇವಳ ಬಾಯನ್ನು — ಛೀ, ಅಗಿದು ಮೆತ್ತಗೆ ಮಾಡಿ ಉಗುಳಿದ್ದನ್ನು ಬೊಗಸೆಯೊಡ್ಡಿ ತಿಂದಿದೆ ಮಗು, ಎಂಜಲು, ಅಕ್ಷರಕ್ಷರವೂ ಎಂಜಲು, ಅದಕ್ಕೆ ಅತ್ತೆಯಿಂದ ಭೇಷ್, ಅದನ್ನು ನೆಚ್ಚಿ ಗೇಟಿನ ಹತ್ತಿರ ಆ ಹಾರಾಟ. ಮಿಸ್ಸಿನ ಕ್ಲಾಸಿಗೇ ರೋಗ ಅಂದಳಲ್ಲ ಇವಳು, ಥೂ ನಿನ್ನ. ಬಾಯೊಳಗೆ ಲವಂಗದೆಣ್ಣೆಯೇ ಊರಿದ ಹಾಗೆ, ನುಂಗಲಾಗದು, ಉಗುಳಲಾಗದು. ಅತ್ತೆ ಬಾಗಿಲಿಗೆ ಬಂದಿದ್ದಾರೆ, ಏನೇ, ಮಗು ಓದೋದೇ ಕೇಳಿಸ್ತಿಲ್ಲ, ನಾಳೆ ಮಿಸ್ಸಿನೆದುರು ಓದಬೇಕು ಅಂತಿದ್ದೆ, ಹೇಳಿಕೊಡಬಾರದಾ. ಸುಮ್ನಿರಿ ಅತ್ತೆ. ಏನ್ ಕಲ್ಲು ಎದೆಯೇ ನಿಂದು. ಹೌದು, ಕಲ್ಲೇ, ನೀವು ಒಳಗೆ ಹೋಗಿ. ನಾಳೆ ಇವಳು ಹಿಂದಿನ ಬೆಂಚಿನಲ್ಲಿ ಕೂತರೂ ಬುಗುರಿ ಕುತ್ತಿಗೆ ತಿರುಗಿಸಿ ನೋಡುತ್ತಾಳೆ ಇವಳ ಕಡೆ, ಎಲ್ಲರೆದುರು, ಇವಳ ಬಾಯಿ ಸಿಗುತ್ತದೆಯೇ ಎಂದು — ಹೋಗಬಾರದು ನಾಳೆ, ಹೋಗದಿದ್ದರೆ ಹೆದರಿ ಬರಲಿಲ್ಲ ಎನ್ನುತ್ತಾಳೆ ಆ ಮಿಸ್ಸು, ಅನ್ನಲಿ, ಸೋತೆ ಅನ್ನಲಿ, ಕೂರಿಸಲಿ ಒಂದನೇ ಕ್ಲಾಸಿನಲ್ಲಿ, ಅಲ್ಲಿಂದಲೇ ಶುರುವಾಗಲಿ, ಆದರೆ ಈ ಹೊತ್ತು, ಈ ಒಂದು ಪದ, ಇದನ್ನಾದರೂ ಮಗುವೇ ಓದಲಿ. ಅಮ್ಮಾ, ತೆಗೀತೀಯಾ. ಇಲ್ಲ, ಕೆಳಗೆ ನೋಡು, ಬೆರಳಿರೋ ಕಡೆ. ತೆಗಿ ಅಮ್ಮಾ. ಒಳಗೆ ತುಟಿ ಮತ್ತೆ ತೆರೆಯಹೋಗುತ್ತದೆ, ಹಲ್ಲಿನಿಂದ ಕಚ್ಚಿ ಹಿಡಿಯುತ್ತಾಳೆ, ಉಪ್ಪು ರುಚಿ, ಬಿಡಬಾರದು, ಕಾಯಬೇಕು, ಎಂದೂ ಕಾದು ಗೊತ್ತಿಲ್ಲದವಳು ಕಾಯಬೇಕು, ಕೆಳಗೆ ನೋಡೇ ಕಂದ. ನೋಡುತ್ತಿಲ್ಲ. ಬೆರಳು ಅಕ್ಷರದ ಮೇಲೆ, ಕಣ್ಣು ಮಾಸ್ಕಿನ ಬಟ್ಟೆಯ ಮೇಲೆ. ಬಾಯಿ ಇರಬೇಕಾದ ಕಡೆ. ರೆಪ್ಪೆ ಬಡಿಯದೆ. ಆ ಎರಡು ಕಣ್ಣು, ಹಸಿದು, ಬಟ್ಟೆಯ ಮೇಲೆ.