ಮರಿ ಕಂಪನಿ

ತಮ್ಮನ ರಿಪೇರಿ ಅಂಗಡಿಯಲ್ಲಿ ಎರಡೂ ಇಂಜಿನ್ನುಗಳು ಒಟ್ಟಿಗೇ ಓಡುತ್ತಿದ್ದವು. ಅಕ್ಕ ಸ್ಟೂಲಿನ ಮೇಲೆ ಕಣ್ಣು ಮುಚ್ಚಿ ಕುಳಿತು, ಒಮ್ಮೆ ಎಡಗಿವಿಯನ್ನೂ ಒಮ್ಮೆ ಬಲಗಿವಿಯನ್ನೂ ಅತ್ತ ತಿರುಗಿಸುತ್ತಿದ್ದಳು.

"ಒಂದನ್ನ ನಿಲ್ಲಿಸು."

ತಮ್ಮ ಬಾಗಿಲ ಕಡೆಯದನ್ನು ನಿಲ್ಲಿಸಿದ.

"ಹಾಂ, ಈಗ ಓಡ್ತಿರೋದೇ ನಮ್ಮದು," ಎಂದಳು ಅಕ್ಕ. "ಯಾವುದಕ್ಕೂ ಅದನ್ನೂ ಒಂದು ಸಲ ಓಡಿಸು."

ಇದನ್ನು ನಿಲ್ಲಿಸಿ ಅದನ್ನು ಓಡಿಸಿದ. ಅಕ್ಕನ ಮುಖ ಸಪ್ಪಗಾಯಿತು. "ಇದೂ ನಮ್ಮದರ ಥರಾನೇ ಇದೆಯಲ್ಲೋ."

ತಪ್ಪು ತಮ್ಮನದೇ. ಸಣ್ಣ ಇಂಜಿನ್ ರಿಪೇರಿಯಲ್ಲಿ ಮೂವತ್ತು ವರ್ಷ ಪಳಗಿದ ಕೈ ಅವನದು. ಒಂದೇ ಮಾದರಿಯ ಎರಡು ಬಂದರೆ ಎರಡನ್ನೂ ಒಟ್ಟಿಗೆ ಬಿಚ್ಚಿ, ಒಂದೇ ತೊಟ್ಟಿಯ ಸೀಮೆಎಣ್ಣೆಯಲ್ಲಿ ತೊಳೆದು, ಕೈಗೆ ಸಿಕ್ಕಿದ್ದನ್ನು ಸಿಕ್ಕಿದ್ದಕ್ಕೆ ಜೋಡಿಸುವುದು ಅವನ ರೂಢಿ. ಎಲ್ಲಾ ಒಂದೇ ತಾಯಿ ಮಕ್ಕಳು ಎನ್ನುತ್ತಿದ್ದ. ಗಿರಾಕಿಗಳಿಗೆ ಇಂಜಿನ್ ಓಡಿದರೆ ಸಾಕು, ಒಳಗಿನ ಪಿಸ್ಟನ್ ಯಾರ ಮನೆಯದೆಂದು ಇದುವರೆಗೆ ಯಾರೂ ಕೇಳಿರಲಿಲ್ಲ. ಈ ಸಲ ಬಣ್ಣ ಬಳಿಯಲೆಂದು ಹೆಸರಿನ ಫಲಕಗಳನ್ನೂ ಕಿತ್ತು ಜೇಬಿಗೆ ಹಾಕಿಕೊಂಡುಬಿಟ್ಟಿದ್ದ. ಅಕ್ಕ ತಂದಿದ್ದರ ಮೇಲೆ ದೊಡ್ಡ ಕಂಪನಿಯ ಹೆಸರು, ಇನ್ನೊಂದರ ಮೇಲೆ ಮರಿ ಕಂಪನಿಯದು.

ದೊಡ್ಡ ಕಂಪನಿ ಹಿಂದೆ ಕಾರು ಮಾಡುತ್ತಿತ್ತು. ಆ ಕಾರುಗಳು ಈಗ ಹಳೆಯ ವಾಹನಗಳ ಪ್ರದರ್ಶನದಲ್ಲಿ ಮಾತ್ರ ಮಿಂಚುತ್ತವೆ. ಕೊಳ್ಳುವವರು ಕಡಿಮೆಯಾದಾಗ ಕಂಪನಿ ನೀರೆತ್ತುವ, ಹುಲ್ಲು ಕತ್ತರಿಸುವ ಸಣ್ಣ ಇಂಜಿನ್ನುಗಳಿಗೆ ಇಳಿಯಿತು. ಆಮೇಲೆ ಊರಾಚೆ ಒಂದು ಅಂಗಸಂಸ್ಥೆ ತೆರೆದು ಅದೇ ಇಂಜಿನ್ನನ್ನು ಬೇರೆ ಹೆಸರಲ್ಲಿ, ಕಡಿಮೆ ಬೆಲೆಗೆ ಮಾಡಿಸಿತು. ಅದೇ ಮರಿ ಕಂಪನಿ. ಅಲ್ಲಿಗೆ ವರ್ಗವಾದ ಪಕ್ಕದ ಮನೆಯವನನ್ನು ಅಕ್ಕ ಒಮ್ಮೆ, "ಮರಿಗೆ ಹಾಲು ಕುಡಿಸೋಕೆ ಹೋಗಿದ್ದಾರೆ" ಎಂದು ಓಣಿಯೆಲ್ಲ ನಗುವಂತೆ ಆಡಿಕೊಂಡಿದ್ದಳು. ಅವಳ ಗಂಡ ಕಾರಿನ ಇಂಜಿನ್ನಿಗೆ ಕೈಹಚ್ಚಿದ ಫಿಟ್ಟರ್. ಅವಳ ಜಂಭಕ್ಕೆ ಅಷ್ಟು ಸಾಕಾಗಿತ್ತು.

ಭಾವ ನಿವೃತ್ತಿಯ ದಿನ, ತಾನೇ ಜೋಡಿಸಿದ್ದೆಂದು ಒಂದು ಇಂಜಿನ್ನನ್ನು ಮನೆಗೆ ತಂದು ಬಾವಿಯ ಪಂಪಿಗೆ ಕೂರಿಸಿದ್ದ. ಅದನ್ನು ಬಿಚ್ಚಲು ಭಾವಮೈದುನನಿಗೂ ಬಿಟ್ಟಿರಲಿಲ್ಲ. ಭಾವ ತೀರಿಕೊಂಡು ಆರು ತಿಂಗಳಾಗಿತ್ತು. ಇಂಜಿನ್ ಹೊಗೆಯುಗುಳಲು ಶುರುಮಾಡಿದ್ದಕ್ಕೆ ಅಕ್ಕ ಇಲ್ಲಿಗೆ ತಂದಿದ್ದಳು.

"ನೀರಿಗೇನು, ನಲ್ಲಿ ಇದೆ," ಎಂದಳು ಈಗ. "ಅವರ ಕೈಯಿಂದ ಆಗಿದ್ದು ಅಂತ ಉಳಿದಿರೋದು ಅದೊಂದೇ. ಬೇರೆ ಯಾರದ್ದೋ ತಗೊಂಡು ಹೋಗಿ ನಾನೇನು ಮಾಡಲಿ?"

"ಗುರುತು ಇರುತ್ತೆ ಇರು, ಗಾಬರಿ ಬೀಳಬೇಡ."

ಜೋಡಿಸಿದವನು ಫ್ಲೈವೀಲ್ ಎಂಬ ಭಾರದ ಗಾಲಿಯ ಹಿಂದೆ, ಇಂಜಿನ್ನಿನ ಮೈಮೇಲೆ ತನ್ನ ಗುರುತು ಒತ್ತುವುದು ಆ ಕಾರ್ಖಾನೆಗಳ ಪದ್ಧತಿ. ಭಾವನದು ಅರ್ಧಚಂದ್ರ. ಮನೆಯ ಊಟದ ಡಬ್ಬಿಯ ಮೇಲೂ ಅದನ್ನೇ ಒತ್ತಿದ್ದ. ತಮ್ಮ ಒಂದರ ಫ್ಲೈವೀಲ್ ಕಳಚಿ, ಮಸಿ ಒರೆಸಿದ. ಅರ್ಧಚಂದ್ರ ಕಾಣಿಸಿತು. ಅಕ್ಕನಿಗೆ ಹೋದ ಜೀವ ಬಂದಂತಾಯಿತು. ಬಗ್ಗಿ ಅದನ್ನು ಬೆರಳಿನಿಂದ ಸವರಿದಳು.

ಅಲ್ಲಿಗೇ ಬಿಡಬಹುದಿತ್ತು. ಆದರೆ ಇನ್ನೊಂದರ ಒಡೆಯ, ಸಸಿಗಳ ನರ್ಸರಿಯವನು, ಅಷ್ಟರಲ್ಲಿ ಗಾಡಿ ನಿಲ್ಲಿಸಿ ಒಳಗೆ ಬಂದ. ಅವನೆದುರು ಅನುಮಾನ ಬೇಡವೆಂದು ತಮ್ಮ ಇನ್ನೊಂದನ್ನೂ ಕಳಚಿದ. ಅಲ್ಲೂ ಅರ್ಧಚಂದ್ರ.

"ನೀನೇ ಅದಲುಬದಲು ಮಾಡಿದ್ದೀಯ," ಎಂದಳು ಅಕ್ಕ.

"ಒಳಗಿನ ಸಾಮಾನು ಬದಲಾಗಿರಬಹುದು ಅಕ್ಕ. ಇದು ಮೈ. ಇದನ್ನ ಹೇಗೆ ಬದಲಾಯಿಸಲಿ?" ಎನ್ನುತ್ತಾ ಅವನು ಅರ್ಧಚಂದ್ರದ ಪಕ್ಕ ಹೆಬ್ಬೆರಳು ಇಟ್ಟ.

"ಬೆರಳು ತೆಗಿ."

ತೆಗೆದ. ಎರಕದಲ್ಲಿ ಒಂದು ತ್ರಿಕೋನ ಎದ್ದು ಕಾಣುತ್ತಿತ್ತು. ಇನ್ನೊಂದರ ಮೇಲೂ ಅದೇ. ದೊಡ್ಡ ಕಂಪನಿಯ ಎರಕಕ್ಕೆ ಚಕ್ರದ ಗುರುತು. ತ್ರಿಕೋನ ಮರಿ ಕಂಪನಿಯದು ಎಂದು ಅವನು ಬಾಯಿಬಿಟ್ಟು ಹೇಳಲೇಬೇಕಾಯಿತು. ದೊಡ್ಡ ಕಂಪನಿಯ ಫಲಕವನ್ನು ಭಾವ ತಾನೇ ಬಡಿದಿರಬೇಕು.

ಅಕ್ಕ ನರ್ಸರಿಯವನ ಕಡೆ ತಿರುಗಿದಳು. "ನಿಮ್ಮದು ಎಷ್ಟು ವರ್ಷದ್ದು?"

"ಹದಿನೇಳಾಯ್ತಮ್ಮ, ಹೊಸದೇ ತಗೊಂಡಿದ್ದು. ಮರಿ ಕಂಪನಿ ಮಾಲು ಅಂತ ಎಲ್ಲ ಮೂಗು ಮುರಿದ್ರು. ಒಂದು ದಿನ ಕೈಕೊಟ್ಟಿಲ್ಲ ನೋಡಿ."

ಭಾವ ನಿವೃತ್ತನಾಗಿ ಮೂರು ವರ್ಷವಾಗಿತ್ತು. ಅಕ್ಕ ಬೆರಳು ಮಡಿಸಿದಳು, ತಪ್ಪಿತು, ಮತ್ತೆ ಮೊದಲಿನಿಂದ ಮಡಿಸಿದಳು. "ಮಗಳು ಆಗ ನಾಲ್ಕನೇ ಕ್ಲಾಸು. ದಿನಾ ಮೂರನೇ ನಂಬರ್ ಬಸ್ಸು ಹತ್ತೋರು, ಕಿಟಕಿಯಿಂದ ನಾನೇ ನೋಡ್ತಿದ್ದೆ. ಅದು ದೊಡ್ಡ ಕಂಪನಿ ಗೇಟಿಗೆ ಹೋಗೋ ಬಸ್ಸು. ಹಾಗಾದ್ರೆ ಹದಿನಾಲ್ಕು ವರ್ಷ ನಾನು ಡಬ್ಬಿ ಕಟ್ಟಿದ್ದು ಎಲ್ಲಿಗೆ?"

"ಮಧ್ಯ ಇಳಿದು ಬೇರೆ ಬಸ್ಸು ಹಿಡೀತಿದ್ರೇನೋ."

"ನಿನಗೆ ಗೊತ್ತಿತ್ತಾ?"

"ನಿನ್ನಾಣೆ ಗೊತ್ತಿರಲಿಲ್ಲ."

"ನನಗೆ ಯಾಕೆ ಹೇಳಲಿಲ್ಲ ಅವರು?"

ಮರಿಗೆ ಹಾಲು ಕುಡಿಸುವ ಅಕ್ಕನ ಹಳೆಯ ಮಾತು ತಮ್ಮನಿಗೆ ನೆನಪಾಯಿತು. ಕಳಚಿಟ್ಟ ನಟ್ಟುಗಳನ್ನು ಹುಡುಕತೊಡಗಿದ.  ಅಕ್ಕನ ಮುಖ ಕಿವಿಯವರೆಗೂ ಕೆಂಪಾಗಿತ್ತು. ಸತ್ತವನ ಮೇಲೆ ಸಿಟ್ಟೋ, ತನ್ನ ಬಾಯಿಯ ಮೇಲೆ ನಾಚಿಕೆಯೋ, ಅವಳಿಗೇ ತಿಳಿಯದಂತಿತ್ತು.

"ಅದೆಲ್ಲ ಇರಲಿ, ನಂದು ಯಾವುದು ಮೇಸ್ತ್ರಿ?" ಎಂದ ನರ್ಸರಿಯವನು. "ಸಸಿಗಳು ಬಾಡ್ತಾ ಇವೆ."

ಮೇಸ್ತ್ರಿ ಅಕ್ಕನ ಮುಖ ನೋಡಿದ.

"ಎರಡೂ ಅವರೇ ಮಾಡಿದ್ದು," ಎಂದಳು ಅವಳು. "ನಿಮಗೆ ಬೇಕಾದ್ದು ತಗೊಂಡು ಹೋಗಿ."

ನರ್ಸರಿಯವನು ಇಬ್ಬರನ್ನೂ ಒಂದು ಥರ ನೋಡಿದ. ತಮ್ಮ ಬಾಗಿಲ ಹತ್ತಿರದ್ದಕ್ಕೆ ಫ್ಲೈವೀಲ್ ಬಿಗಿದುಕೊಟ್ಟ. ಅದು ಗಾಡಿಯೇರಿ ಹೋಗುವಾಗ ಅಕ್ಕ ತಲೆಯೆತ್ತಲಿಲ್ಲ. ಕೈಚೀಲ ಹೆಗಲಿಗೇರಿಸಿ ಎದ್ದಳು.

"ಇಲ್ಲಿಂದ ಮರಿ ಕಂಪನಿಗೆ ಯಾವ ಬಸ್ಸು?"

"ಹನ್ನೊಂದು. ಎದುರುಗಡೆ ನಿಲ್ಲಬೇಕು. ಅಲ್ಲಿಗೆ ಹೋಗಿ ಏನು ಮಾಡ್ತೀಯಕ್ಕ?"

"ಗೊತ್ತಿಲ್ಲ ಕಣೋ."

ಅವಳು ರಸ್ತೆ ದಾಟಿದಳು. ಎದುರಿನ ನಿಲ್ದಾಣದಲ್ಲಿ ಮರಿ ಕಂಪನಿಯ ಎರಡನೇ ಪಾಳಿಗೆ ಹೊರಟ ನಾಲ್ಕೈದು ಮಂದಿ ನೀಲಿ ಅಂಗಿಯವರು ಗೋಡೆಯ ನೆರಳಿಗೆ ಸಾಲಾಗಿ ನಿಂತಿದ್ದರು. ಅಕ್ಕ ಸ್ವಲ್ಪ ಹೊತ್ತು ಬಿಸಿಲಲ್ಲೇ ನಿಂತು ಅವರನ್ನು ಒಬ್ಬೊಬ್ಬರನ್ನಾಗಿ ನೋಡಿದಳು. ಕೊನೆಯವನು ಒಂದು ಹೆಜ್ಜೆ ಸರಿದು ಜಾಗ ಬಿಟ್ಟ. ಅವಳು ಹೋಗಿ ಅವನ ಪಕ್ಕದಲ್ಲಿ ನಿಂತಳು.