ಒಣ ಎಳೆ

ಅಕ್ಕನಿಗೆ ಬೆಳಗಿನಿಂದ ಕಾಲು ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಅವಳದು ಬಿಸಿಯ ಮೇಲೆ ಕಣ್ಣಿಡುವ ಕೆಲಸ. ಹೊಟ್ಟೆಯೊಳಗಿನ ಗಡ್ಡೆಯನ್ನು ಮೈಕ್ರೋವೇವ್ ಕಾವಿನಿಂದ ಸುಡುವಾಗ ಪಕ್ಕದ ಕರುಳಿಗೆ ಬಿಸಿ ತಾಗಬಾರದು. ಅದಕ್ಕೆಂದು ಕೂದಲಿನಂಥ ಪ್ಲಾಸ್ಟಿಕ್ ಎಳೆಯೊಂದನ್ನು ಕರುಳಿನ ಬಳಿ ಇಳಿಸುತ್ತಾರೆ. ಎಳೆಯೊಳಗೆ ಓಡಾಡುವ ಬೆಳಕು ಅಲ್ಲಿಯ ಬಿಸಿಯನ್ನು ಪರದೆಯ ಮೇಲೆ ತೋರಿಸುತ್ತದೆ. ನಲವತ್ತಮೂರು ಡಿಗ್ರಿ ದಾಟಿತೋ, ಕರುಳಿನ ಕಥೆ ಮುಗಿಯಿತು. ಕಣ್ಣು ಮುಚ್ಚಿ ಮಾಡುವಷ್ಟು ರೂಢಿಯಾದ ಕೆಲಸವೇ; ಆದರೆ ಇವತ್ತು ಮೇಜಿನ ಮೇಲೆ ಮಲಗಿದ್ದವಳು ಒಡಹುಟ್ಟಿದ ತಂಗಿ.

"ಯಾಕಕ್ಕ ಹಂಗೆ ಓಡಾಡ್ತೀಯ? ಸುಡೋದು ನನ್ನನ್ನ, ನಿನ್ನನ್ನಲ್ಲ," ಎಂದಳು ತಂಗಿ. ಮಂಪರಿನ ಮದ್ದು ಕೊಟ್ಟರೂ ಅವಳ ಬಾಯಿ ಮಾತ್ರ ಸುಮ್ಮನಿರಲಿಲ್ಲ.

ಕಾವು ಶುರುವಾಯಿತು. ಮೂವತ್ತೆಂಟು, ಮೂವತ್ತೊಂಬತ್ತು, ನಲವತ್ತು. ಆಮೇಲೆ ಅಂಕಿ ಮೆಲ್ಲಗೆ ಇಳಿಯತೊಡಗಿತು.

"ಮಿತಿಗೆ ಇನ್ನೂ ದೂರ ಇದೆ. ಒಂಚೂರು ಏರಿಸ್ತೀನಿ," ಎಂದರು ಡಾಕ್ಟರು.

ಅಕ್ಕ ಪರದೆಯತ್ತ ಬಾಗಿದಳು. ಕಾವು ಹಾಕಿದಷ್ಟೂ ಯಾವ ಹೊಟ್ಟೆ ತಣ್ಣಗಾಗುತ್ತದೆ? ಈ ಪ್ಲಾಸ್ಟಿಕ್ಕಿಗೆ ನೀರು ಕುಡಿಯುವ ಚಟ. ಒಣಗಿದ್ದರೆ ಮೈಯೊಳಗಿನ ತೇವ ಹೀರುತ್ತಾ ಇದ್ದದ್ದಕ್ಕಿಂತ ಕಡಿಮೆ ಬಿಸಿ ತೋರಿಸುತ್ತದೆ. ಅದಕ್ಕೇ ಹಿಂದಿನ ದಿನವೇ ಸಲೈನಿನಲ್ಲಿ ನೆನೆಸಿಡುವುದು. ಬೇರೆ ರೋಗಿಗಳಿಗೆ ಬಳಸಿ, ಶುದ್ಧ ಮಾಡಿ ನೆನೆಸಿಟ್ಟಿದ್ದವು ಟ್ರೇಯಲ್ಲೇ ಇದ್ದವು. ಆದರೆ ಬೆಳಿಗ್ಗೆ ಅವುಗಳನ್ನು ನೋಡಿ ಅವಳಿಗೆ ಹಳೆಯದು ನೆನಪಾಗಿತ್ತು. ಚಿಕ್ಕಂದಿನಲ್ಲೆಲ್ಲ ಈ ಹುಡುಗಿ ತಾನು ಹಾಕಿ ಬಿಟ್ಟ ಫ್ರಾಕುಗಳಲ್ಲೇ ಬೆಳೆದವಳು. ಇವತ್ತಾದರೂ ಇವಳಿಗೆ ಹೊಸದಿರಲಿ ಎಂದುಕೊಂಡು, ಅದನ್ನು ನೆನೆಸಿಲ್ಲ ಎಂಬುದನ್ನೂ ಮರೆತು, ಸೀಲು ಒಡೆದು ಹೊಸ ಎಳೆ ತೆಗೆದಿದ್ದಳು.

"ಡಾಕ್ಟ್ರೇ, ನಿಲ್ಲಿಸಿ."

"ನಲವತ್ತೂ ಇಲ್ವಲ್ಲ?"

"ಅದು ಸುಳ್ಳು ಅಂಕಿ. ಒಣ ಎಳೆ ಹಾಕಿದೀನಿ. ತಪ್ಪು ನಂದೇ."

ಡಾಕ್ಟರು ಕಾವು ನಿಲ್ಲಿಸಿದರು. ಅವಳು ಟ್ರೇಯಿಂದ ನೆನೆದ ಎಳೆಯನ್ನು ಎತ್ತಿ ಕೊಟ್ಟಳು. ಅದನ್ನು ಒಳಗಿಳಿಸಿದ ಮೇಲೆ ಪರದೆ ತೋರಿಸಿತು: ನಲವತ್ತೆರಡೂವರೆ. ಕಾವು ನಿಂತು ಒಂದು ನಿಮಿಷವಾಗಿದ್ದರೂ ಅಷ್ಟು.

"ಏರಿಸಿದ್ರೆ ಕರುಳು ಸುಟ್ಟು ಹೋಗ್ತಿತ್ತು," ಎಂದರು ಡಾಕ್ಟರು. "ನಡೆದದ್ದನ್ನೆಲ್ಲ ಬರೆದು ಕೊಡಬೇಕು ನೀವು."

"ಕೊಡ್ತೀನಿ."

ಆರಲು ಬಿಟ್ಟು, ಉಳಿದದ್ದನ್ನು ನಿಧಾನವಾಗಿ ಮುಗಿಸಿದರು. ಸಂಜೆ ವಾರ್ಡಿನಲ್ಲಿ ಅಕ್ಕ ಒಂದನ್ನೂ ಮುಚ್ಚಿಡದೆ ಹೇಳಿದಳು. ಹೇಳುತ್ತಾ ಹೇಳುತ್ತಾ ಅತ್ತೇಬಿಟ್ಟಳು.

ತಂಗಿ ಅಕ್ಕನ ಕಡೆಗೆ ಮುಖ ತಿರುಗಿಸಿದಳು.

"ಹೊಸ ಫ್ರಾಕು ಬೇಕು ಅಂತ ಅತ್ತಿದ್ದು ನಂಗೆ ಆರು ವರ್ಷ ಇದ್ದಾಗ ಅಕ್ಕ," ಎಂದಳು. "ನಾನು ಮರೆತೇಬಿಟ್ಟಿದ್ದೆ. ನೀನಿನ್ನೂ ಮರೆತಿಲ್ವಾ?"