ಟೇಬಲ್ ಅಳಿಸಿದವರು ಯಾರು

ಕಲ್ಯಾಣಿಯಮ್ಮನ ಮಗ ಪ್ರಸನ್ನನ್ ಫೋನಿನಲ್ಲೇ ಕೂಗಾಡಿದ. "ಅಮ್ಮನಿಗೆ ಕ್ಯಾನ್ಸರ್ ಅಂತ ಹೇಳಬೇಡಿ ಅಂತ ಕೈಮುಗಿದು ಹೇಳಿದ್ದೆ. ನಿಮ್ಮವರೇ ಯಾರೋ ಬಾಯಿಬಿಟ್ಟಿದ್ದಾರೆ. ಇನ್ನು ನಮ್ಮನೆ ಕಡೆ ಬರಬೇಡಿ!"

ಫೋನ್ ಹಿಡಿದಿದ್ದವರು ವಿಲಾಸಿನಿ ಟೀಚರ್. ಶಾಲೆಯಿಂದ ನಿವೃತ್ತರಾದ ಮೇಲೆ, ಕೇರಳದ ಮಂಜೇರಿಯಲ್ಲಿ ಹಾಸಿಗೆ ಹಿಡಿದವರ ಮನೆಗಳಿಗೆ ನರ್ಸನ್ನು ಕಳಿಸುವ ಕ್ಲಿನಿಕ್ಕಿನ ಪಟ್ಟಿ ನೋಡಿಕೊಳ್ಳುತ್ತಿದ್ದವರು ಅವರೇ. ಯಾರ ಮನೆ, ಯಾವ ಔಷಧಿ, ಏನು ಎಚ್ಚರಿಕೆ, ಎಲ್ಲವನ್ನೂ ಆನ್‌ಲೈನ್ ದಾಖಲೆಯೊಂದರಲ್ಲಿ ಎರಡು ವಾರದ ಸರದಿಗೆ ದಿನಕ್ಕೊಂದು ಟೇಬಲ್ ಮಾಡಿ, ಸಾಲು ಕಾಲಮ್ಮುಗಳಲ್ಲಿ ಬರೆದಿಡುತ್ತಿದ್ದರು. ಎಲ್ಲರೂ ಅದನ್ನು ಫೋನಿನಲ್ಲೇ ನೋಡಿಕೊಳ್ಳುತ್ತಿದ್ದರು, ಬೇಕಾದರೆ ತಿದ್ದಲೂಬಹುದಿತ್ತು.

ಆ ಗುರುವಾರ ಕಲ್ಯಾಣಿಯಮ್ಮನ ಮನೆಗೆ ಹೋಗಿದ್ದವರು ಇಬ್ಬರು: ನರ್ಸ್ ಲಿಸ್ಸಿ, ಅವಳನ್ನು ಕರೆದೊಯ್ಯುವ ಆಟೋದ ಸೈದಲವಿ. ಲಿಸ್ಸಿ ಹತ್ತು ವರ್ಷದಿಂದ ಇದ್ದವಳು. ಸೈದಲವಿ ಬಂದು ಎರಡು ತಿಂಗಳೂ ಆಗಿರಲಿಲ್ಲ. "ಯಾರು ಹೇಳಿದ್ದು?" ಎಂದರೆ ಇಬ್ಬರೂ ತಲೆ ತಗ್ಗಿಸಿದರು.

ಮರುದಿನ ಮಧ್ಯಾಹ್ನ ದಾಖಲೆ ತೆರೆದರೆ ಗುರುವಾರದ ಟೇಬಲ್ಲೇ ಇಲ್ಲ! ಅದರ ಜಾಗದಲ್ಲಿ ಅರ್ಧಂಬರ್ಧ ಎರಡು ಸಾಲು. ಟೀಚರ್ ದಾಖಲೆಯಲ್ಲಿ ತಾನಾಗಿ ಉಳಿದಿರುವ ಹಳೆಯ ಪ್ರತಿಗಳನ್ನು ಕೆದಕಿ, ಯಾರು ಏನು ಬದಲಿಸಿದರೆಂದು ನೋಡಿದರು. ಹೆಸರು ಸ್ಪಷ್ಟವಾಗಿತ್ತು: ಸೈದಲವಿ.

'ಎಚ್ಚರಿಕೆ ಬರೆದಿದ್ದ ಸಾಕ್ಷಿ ಅಳಿಸ್ತಿದ್ದಾನೆ' ಅಂದುಕೊಂಡರು. ಯಾರಿಗೂ ಹೇಳದೆ ಹಳೆಯ ಪ್ರತಿಯನ್ನೇ ಮರಳಿ ತಂದಿಟ್ಟರು. ಮಾರನೆಯ ದಿನ ಶನಿವಾರದ ಟೇಬಲ್ ಹೋಗಿತ್ತು. ಅದನ್ನೂ ತಂದರು. ಅದರ ಮಾರನೆಯ ದಿನ ಸೋಮವಾರದ್ದು. ಕ್ಲಿನಿಕ್ಕಿನಲ್ಲಿ ಚಹಾ ಕುಡಿಯುವಾಗ ಅವನು ಫೋನ್ ಹಿಡಿದರೆ ಸಾಕು, ಟೀಚರ ಕಣ್ಣು ಅವನ ಹೆಬ್ಬೆರಳ ಮೇಲೆ. ಅವನು ನಕ್ಕರೂ ಅನುಮಾನ, ಸುಮ್ಮನಿದ್ದರೂ ಅನುಮಾನ. ಲಿಸ್ಸಿಯೂ ಅವನ ಜೊತೆ ಸೇರಿದ್ದಾಳೋ ಏನೋ ಎಂಬ ಯೋಚನೆಯೂ ಹಾದುಹೋಯಿತು.

ಕೊನೆಗೆ ತಡೆಯಲಾರದೆ ಅವನನ್ನು ಒಳಗೆ ಕರೆದರು.

"ಟೇಬಲ್ ಯಾಕೋ ಅಳಿಸ್ತಿದ್ದೀಯ?"

"ಟೀಚರೇ... ಅದನ್ನ ಮತ್ತೆ ಮತ್ತೆ ತಂದು ಹಾಕ್ತಿದ್ದಿದ್ದು ನೀವಾ? ನಾನು ಆಟೋ ಸ್ಟ್ಯಾಂಡಲ್ಲಿ ಕೂತು ಒಂದೊಂದೇ ಅಕ್ಷರ ಒತ್ತಿ ಬರೆದಿದ್ದೆಲ್ಲ ಸಂಜೆ ಹೊತ್ತಿಗೆ ಮಾಯ!"

"ಮಾತು ತಿರುಗಿಸಬೇಡ. ಕಲ್ಯಾಣಿಯಮ್ಮನಿಗೆ ಹೇಳಿದ್ದು ನೀನೇ ತಾನೆ?"

"ಹೌದು, ನಾನೇ." ಅವನು ಫೋನನ್ನು ಮೇಜಿನ ಮೇಲಿಟ್ಟ. "ನೋಡಿ. ನನ್ನ ಫೋನಲ್ಲಿ ನಿಮ್ಮ ಟೇಬಲ್ ಇಷ್ಟೇ ಕಾಣೋದು. ಹೆಸರು, ಮನೆ, ಔಷಧಿ. ಬೆರಳಲ್ಲಿ ಪಕ್ಕಕ್ಕೆ ಎಳೆದ್ರೆ ಇನ್ನೂ ಇದೆ ಅಂತ ನಂಗೆ ಆಮೇಲೆ ಗೊತ್ತಾಯ್ತು. 'ರೋಗ ಯಾವುದಂತ ರೋಗಿಗೆ ಗೊತ್ತಿಲ್ಲ' ಅಂತ ಬರೆದಿರೋದು ಕೊನೇ ಕಾಲಮ್ಮಲ್ಲಿ. ಆ ತಾಯಿ ಅಳ್ತಿದ್ರು. ಧೈರ್ಯ ಹೇಳೋಣ ಅಂತ, ನನ್ನ ಹೆತ್ತ ಉಮ್ಮನೂ ಕ್ಯಾನ್ಸರ್ ಬಂದು ಎಂಟು ವರ್ಷ ಇದ್ರು ಅಂದೆ."

ಟೀಚರ್ ತಾವೇ ಎಳೆದು ನೋಡಿದರು. ಎರಡು ಸಲ ಎಳೆದ ಮೇಲೆ ಆ ಸಾಲು ಬಂತು.

"ಅದಕ್ಕೇ ಟೇಬಲ್ ತೆಗೆದು, ಎಚ್ಚರಿಕೆನ ಮೊದಲನೇ ಸಾಲಲ್ಲಿ ಬರೀತಿದ್ದೆ. ನಿಮಗೆ ಹೇಳಿದ್ರೆ ಕೆಲಸದಿಂದ ತೆಗೀತೀರಿ ಅಂತ ಹೆದರಿಕೆ. ಯಾರಿಗೂ ಹೇಳಬೇಡಿ ಅಕ್ಕಾ ಅಂತ ಲಿಸ್ಸಿ ಚೇಚಿನೂ ಬೇಡ್ಕೊಂಡಿದ್ದೆ."

ಟೀಚರಿಗೆ ಸಿಟ್ಟೂ ಬಂತು, ನಾಚಿಕೆಯೂ ಆಯಿತು. ಮೂರು ದಿನ ಅವನ ಬರಹವನ್ನು ಓದದೆ ಅಳಿಸಿದ್ದವರು ತಾವು! "ಮೊದಲೇ ಬಂದು ಹೇಳಿದ್ರೆ ನಾನೇನು ನುಂಗಿಬಿಡ್ತಿದ್ನಾ?" ಎಂದು ಗದರಿದರು. "ಕೂತ್ಕೋ. ಒಂದೊಂದಾಗಿ ಹೇಳು."

ಅಂದು ಮಧ್ಯಾಹ್ನ ಅವನು ಹೇಳುತ್ತ ಹೋದ, ಟೀಚರ್ ಬರೆಯುತ್ತ ಹೋದರು. ಮೊದಲು ಸಾಲುಗಳನ್ನು ಬರೆದು, ತಾಳೆ ನೋಡಿ, ಆಮೇಲೆ ಟೇಬಲ್ ತೆಗೆದರು. ಹದಿನಾಲ್ಕು ಟೇಬಲ್ ಹೋದವು.

ಪ್ರಸನ್ನನ್ ಮಾತ್ರ ಕ್ಷಮಿಸಲಿಲ್ಲ. ಟೀಚರ್ ಎರಡು ಸಲ ಮನೆಗೆ ಹೋಗಿ ಬೇಡಿಕೊಂಡ ಮೇಲೆ, ಲಿಸ್ಸಿ ಬರಬಹುದು, ಆ ಆಟೋದವನು ಗೇಟು ದಾಟಕೂಡದು ಎಂದ. ಈಗ ಗುರುವಾರ ಗುರುವಾರ ಸೈದಲವಿ ಲಿಸ್ಸಿಯನ್ನು ಗೇಟಿನ ಹೊರಗೆ ಇಳಿಸಿ, ಹಲಸಿನ ಮರದ ನೆರಳಲ್ಲಿ ಗಾಡಿ ನಿಲ್ಲಿಸಿಕೊಂಡು ಕಾಯುತ್ತಾನೆ.